ಎದ್ದು ನಿಂತ ಮಣ್ಣು

ಆ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು ಮಣ್ಣು ಮೇಷ್ಟ್ರು. ಅದರಲ್ಲಿ ಸಲಿಗೆ ಇತ್ತೇ ಹೊರತು ಅವಮಾನ ಇರಲಿಲ್ಲ. ಪ್ರತಿ ವರ್ಷ ಗಿಡಮರಗಳ ಪಾಠ ಬಂದಾಗ ಅವರು ಮೇಜಿನ ಮೇಲೆ ಒಂದು ಹಿಡಿ ಮಣ್ಣು ಸುರಿದು, ಕಿಟಕಿಯಾಚೆಯ ದೊಡ್ಡ ಮರದತ್ತ ಕೈ ತೋರಿಸಿ, "ಮರ ಅಂದ್ರೆ ಏನ್ರೋ?" ಎನ್ನುತ್ತಿದ್ದರು. "ಎದ್ದು ನಿಂತ ಮಣ್ಣು!" ಎಂದು ತರಗತಿಗೆ ತರಗತಿಯೇ ಕೂಗುತ್ತಿತ್ತು. ಉಳಿದ ಪಾಠವನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟವರೂ ಈ ಮಾತನ್ನು ಮರೆಯುತ್ತಿರಲಿಲ್ಲ. ಮಾತು ಚೆನ್ನಾಗಿತ್ತು. ತಪ್ಪಾಗಿತ್ತು, ಅಷ್ಟೇ.

ಮರದ ಮೈ ಬಹುಮಟ್ಟಿಗೆ ಗಾಳಿಯಿಂದಲೂ ನೀರಿನಿಂದಲೂ ಆದದ್ದು. ಮಣ್ಣಿನ ಪಾಲು ಚಿಟಿಕೆಯಷ್ಟು. ಇದು ಮೇಷ್ಟ್ರ ತಂಗಿಯ ಮಗಳಿಗೆ ಕಾಲೇಜಿನ ಮೊದಲ ವರ್ಷವೇ ತಿಳಿಯಿತು. ಅಪ್ಪ ಇಲ್ಲದ ಹುಡುಗಿ. ಸಾಕಿದವರು, ತಮ್ಮ ತರಗತಿಯಲ್ಲೇ ಕೂರಿಸಿ ಓದಿಸಿದವರು ಈ ಸೋದರಮಾವ. ರಜೆಗೆ ಬಂದವಳು ಹೇಳಿಬಿಡೋಣವೆಂದುಕೊಂಡಳು. ಅಷ್ಟರಲ್ಲಿ ಮಾವ ಪಕ್ಕದ ಮನೆಯವರ ಮುಂದೆ, "ನಮ್ಮ ಪುಟ್ಟಿ ಕಾಲೇಜಲ್ಲಿ ವಿಜ್ಞಾನ ಓದ್ತಾಳೆ, ಬುನಾದಿ ಹಾಕಿದ್ದು ನಾನು" ಎಂದು ಎದೆಯುಬ್ಬಿಸಿ ನಿಂತಿದ್ದರು. ಈಗ ತಪ್ಪು ಎತ್ತಿ ಆಡಿದರೆ ಉಂಡ ಮನೆಗೆ ಎರಡು ಬಗೆದಂತೆ ಎಂದು ಅವಳು ಸುಮ್ಮನಾದಳು. ಎಷ್ಟೋ ಹೇಡಿತನಕ್ಕೆ ನಾವು ಗೌರವದ ಅಂಗಿ ತೊಡಿಸಿ ಓಡಾಡಿಸುತ್ತೇವೆ.

ಮುಂದೆ ಅವಳ ಕಸುಬೇ ಅಳೆಯುವುದಾಯಿತು. ಮಕ್ಕಳಿಗೂ ಮೇಷ್ಟ್ರುಗಳಿಗೂ ವಿಜ್ಞಾನ ಎಷ್ಟು ಬಾಯಿಪಾಠ ಬರುತ್ತದೆ ಎಂದಲ್ಲ, ಎಷ್ಟು ಅರ್ಥವಾಗಿದೆ ಎಂದು. ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ. ಉತ್ತರಕ್ಕೆ ಗುರುತು ಹಾಕಬೇಕು, ಅದರ ಕಾರಣಕ್ಕೆ ಗುರುತು ಹಾಕಬೇಕು, ಕೊನೆಗೆ 'ಖಂಡಿತ', 'ಇರಬಹುದು', 'ಗೊತ್ತಿಲ್ಲ' ಎಂಬುದರಲ್ಲಿ ಒಂದನ್ನು ಆರಿಸಬೇಕು. ಪತ್ರಿಕೆ ಬರೆಯುವವರಿಗೂ ಒಂದು ಪದ್ಧತಿಯಿದೆ: ತಪ್ಪು ಕಾರಣಗಳನ್ನು ತಲೆಯಿಂದ ಹುಟ್ಟಿಸಬಾರದು, ಜನ ನಿಜವಾಗಿ ನಂಬಿದ್ದನ್ನು ಅವರದೇ ಮಾತಿನಲ್ಲಿ ಇಡಬೇಕು. ಗಿಡದ ತೂಕ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಬಂದಾಗ ಅವಳ ಕೈ ತಾನಾಗಿಯೇ ಬರೆಯಿತು: 'ಏಕೆಂದರೆ ಮರವೆಂದರೆ ಎದ್ದು ನಿಂತ ಮಣ್ಣು.' ಪತ್ರಿಕೆ ಹೋಗುವುದು ದೂರದ ಶಾಲೆಗಳಿಗೆ, ಮಾವನ ಕಣ್ಣಿಗೆ ಬೀಳುವುದೆಲ್ಲಿಂದ ಎಂಬುದು ಅವಳ ಧೈರ್ಯ.

ಮಾವನ ನಿವೃತ್ತಿ ಹತ್ತಿರವಿದ್ದಾಗ ಪತ್ರಿಕೆ ಅವರ ಶಾಲೆಗೂ ಬಂತು. ಹೊತ್ತು ತಂದವಳೂ ಅವಳೇ. ಆ ಹೊತ್ತಿಗೆ ನಿಯಮ ಬಿಗಿಯಾಗಿತ್ತು. 'ಗೊತ್ತಿಲ್ಲ' ಎಂದ ಮೇಷ್ಟ್ರಿಗೆ ತರಬೇತಿ. 'ಖಂಡಿತ' ಎಂದು ತಪ್ಪು ಹೇಳಿ, ಅದೇ ತಪ್ಪನ್ನು ಮಕ್ಕಳಿಗೂ ದಾಟಿಸಿದವರ ಕೈಯಿಂದ ವಿಜ್ಞಾನವೇ ಹೋಗುತ್ತದೆ. ಒಂದು ಪ್ರಶ್ನೆ ಕಿತ್ತರೆ ಎಲ್ಲ ಶಾಲೆಗಳ ಹೋಲಿಕೆ ಕೆಡುತ್ತದೆ. ಹಿಂದಿನ ದಿನ ಫೋನ್ ಮಾಡಿ ಎಚ್ಚರಿಸಿದರೆ ಅದು ಮೋಸ. ಇಷ್ಟು ವರ್ಷದಲ್ಲಿ ಮಾವನಿಗೆ ತಾನಾಗಿಯೇ ತಿಳಿದಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು.

ಮೇಷ್ಟ್ರುಗಳ ಕೋಣೆಯಲ್ಲಿ ಪತ್ರಿಕೆ ಹಂಚಿ ಅವಳು ಬಾಗಿಲ ಬಳಿ ನಿಂತಳು. ಮಾವ ಬೆರಳಿಟ್ಟು ಓದುತ್ತಾ ಹೋದವರು ಒಂದು ಕಡೆ ನಿಂತರು. ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದರು. ಆಮೇಲೆ ತಲೆಯೆತ್ತಿ ಅವಳನ್ನು ನೋಡಿ ಮುಖದ ತುಂಬ ನಕ್ಕರು.

ಮುಗಿದ ಮೇಲೆ ಎಲ್ಲರೆದುರೇ ಅವಳ ಕೈ ಹಿಡಿದುಕೊಂಡರು. "ನನ್ನ ಮಾತು ಪ್ರಶ್ನೆಪತ್ರಿಕೇಲಿ ಅಚ್ಚಾಗಿದೆ, ನೋಡಿದ್ರಾ? ನಮ್ಮ ಪುಟ್ಟಿ ಮರೆತಿಲ್ಲ. ಇಷ್ಟು ವರ್ಷ ಗಂಟಲು ಹರ್ಕೊಂಡಿದ್ದು ಸಾರ್ಥಕ ಆಯ್ತು ಕಣ್ರೀ!"

"ಹೂಂ ಮಾವ," ಎಂದಳು.

ಫಲಿತಾಂಶ ಬಂತು. ಮೇಷ್ಟ್ರೂ, ಒಬ್ಬರನ್ನೂ ಬಿಡದೆ ಅವರ ತರಗತಿಯ ಮಕ್ಕಳೂ ಆ ಕಾರಣಕ್ಕೇ ಗುರುತು ಹಾಕಿದ್ದರು, ಎಲ್ಲರೂ 'ಖಂಡಿತ'. ಹೆಡ್‌ಮೇಡಂ ಮೇಷ್ಟ್ರಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ಇನ್ನು ಮುಂದೆ ಅಕ್ಷರ ತಿದ್ದಿಸುವ ತರಗತಿ ನೋಡಿಕೊಳ್ಳಿ ಎಂದರು. ಮಣ್ಣು ಮೇಷ್ಟ್ರು ಎಂಬ ಹೆಸರು ಹಾಗೇ ಉಳಿಯಿತು, ಆದರೆ ಈಗ ಅದನ್ನು ಬೆನ್ನ ಹಿಂದೆ ಹೇಳುತ್ತಿದ್ದರು. ವಿಜ್ಞಾನಕ್ಕೆ ಬಂದ ಹೊಸ ಮೇಷ್ಟ್ರು ಮೇಜಿನ ಮೇಲಿದ್ದ ಮಣ್ಣನ್ನು ಗುಡಿಸಿ ಹಾಕಿಸಿದರು.

ಅವಳು ಮಾವನ ಮನೆಗೆ ಹೋಗಲು ಮೂರು ವಾರ ಬೇಕಾಯಿತು. ಅವರು ಗೋಡೆಗೊರಗಿ ಕೂತಿದ್ದರು, ಮಡಿಲಲ್ಲಿ ಪುಸ್ತಕ.

"ಓದಿದೆ," ಎಂದರು. "ಗಾಳಿ, ನೀರು. ಅರ್ಥ ಆಯ್ತು. ಅಷ್ಟೇನೂ ಕಷ್ಟ ಇಲ್ಲ." ಕನ್ನಡಕ ತೆಗೆದು ಕೇಳಿದರು, "ನಿಂಗೆ ಯಾವಾಗ ಗೊತ್ತಾಯ್ತು ಪುಟ್ಟಿ?"

"ಕಾಲೇಜಲ್ಲಿ ಮಾವ. ಮೊದಲನೇ ವರ್ಷ."

"ಆಗ ನನ್ನ ತಲೆಕೂದ್ಲು ಕಪ್ಪಗಿತ್ತು."

"ನಿಮಗೆ ನೋವಾಗುತ್ತೆ ಅಂತ..."

"ಆಗ್ತಿತ್ತು. ನಿನ್ನ ಮೇಲೆ ಕೂಗಾಡಿ ಒಂದು ಹೊತ್ತು ಊಟ ಬಿಡ್ತಿದ್ದೆ. ಆಮೇಲೆ ಕ್ಲಾಸಿಗೆ ಹೋಗಿ ಸರಿಯಾಗಿ ಹೇಳಿಕೊಡ್ತಿದ್ದೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. "ನನ್ನ ವಿಷಯ ಬಿಡು. ಆಮೇಲೆ ಬಂದ ಮಕ್ಕಳು? ಅವರಲ್ಲಿ ಕೆಲವರು ಮೇಷ್ಟ್ರಾಗಿದಾರೆ. ಅವರೂ ಇದನ್ನೇ ಹೇಳಿಕೊಡ್ತಿದಾರೆ."

ಅವರು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು.

"ಈಗ ಸರಿಯಾಗಿ ಕಲಿತಿದೀನಿ. ಯಾರಿಗೆ ಹೇಳ್ಲಿ?"