ಪ್ರಿಂಟರಕ್ಕನ ಭಾನುವಾರ

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ದೊಡ್ಡ ಡಾಕ್ಟರಿಂದ ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಪ್ರಿಂಟರಕ್ಕ. ಸೇರಿದ್ದು ಟೈಪಿಸ್ಟ್ ಆಗಿ. ಎಲ್ಲಿ ಕಾಗದ ಸಿಕ್ಕಿಕೊಂಡರೂ ಹೋಗಿ ಮೂಗು ತೂರಿಸುತ್ತಿದ್ದಳು. ಕೊನೆಗೆ ಅದೇ ಕೆಲಸವಾಯಿತು.

ಆಸ್ಪತ್ರೆಯ ಯಾವ ಕೋಣೆಯಲ್ಲಿ ಪ್ರಿಂಟ್ ಒತ್ತಿದರೂ ಅದು ಮೊದಲು ನೆಲಮಾಳಿಗೆಯ ಸರ್ವರಿಗೆ ಬಂದು, ಕ್ಯೂನಲ್ಲಿ ನಿಂತು, ಸರದಿ ಬಂದಾಗ ಪ್ರಿಂಟರಿಗೆ ಹೋಗುತ್ತಿತ್ತು. ಆ ಸರ್ವರಿಗೆ ವಯಸ್ಸಾಗಿ ಏದುಸಿರು ಶುರುವಾದಾಗ ಹೊಸದು ಬಂತು. ಹಳೆಯದರ ಕ್ಯೂಗಳನ್ನೂ, ಕಂಪ್ಯೂಟರಿನ ಮಾತನ್ನು ಆಯಾ ಪ್ರಿಂಟರಿನ ಭಾಷೆಗೆ ತಿರುಗಿಸುವ ಡ್ರೈವರ್‌ಗಳನ್ನೂ ಅದಕ್ಕೆ ಸಾಗಿಸಬೇಕಿತ್ತು. ಅಕ್ಕ ಜನ ಕಡಿಮೆಯಿರುವ ಭಾನುವಾರವನ್ನು ಆರಿಸಿಕೊಂಡಳು. ಆದರೆ ಜೊತೆಗೆ ಬರಬೇಕಿದ್ದ ಸಹೋದ್ಯೋಗಿ ಜ್ವರ ಬಂದು ಮಲಗಿದ. ಸಾಹೇಬರನ್ನು ಒಂದು ಮಾತು ಕೇಳಿ, ದರ್ಜಿ ಅಂಗಡಿಗೆ ಬಾಗಿಲು ಹಾಕಿಕೊಂಡು ಮನೆಯಲ್ಲಿದ್ದ ಗಂಡನನ್ನೇ ಎಳೆದುಕೊಂಡು ಬಂದಳು.

"ನಂಗೆ ಸೂಜಿ ದಾರ ಬಿಟ್ರೆ ಏನೇ ಗೊತ್ತು?" ಎಂದು ಅವನು ಗೊಣಗಿದ.

"ನೀವೇನೂ ಮಾಡ್ಬೇಡಿ ರೀ. ಪ್ರಿಂಟರ್ ಮುಂದೆ ನಿಂತ್ಕೊಳ್ಳಿ. ಹಾಳೆ ಬಂದ್ರೆ ಫೋನಲ್ಲಿ 'ಬಂತು' ಅನ್ನಿ, ಅಷ್ಟೇ."

ಹಳೆಯದರಲ್ಲಿದ್ದದ್ದನ್ನೆಲ್ಲ ಒಂದು ಫೈಲಿನಲ್ಲಿ ಗಂಟು ಕಟ್ಟಿ, ಹೊಸದರಲ್ಲಿ ಬಿಚ್ಚಿದಳು. ಹಳೆಯದನ್ನು ಆರಿಸಿ ಅದರ ಹೆಸರನ್ನೇ ಹೊಸದಕ್ಕೂ ಇಟ್ಟದ್ದರಿಂದ ಯಾರ ಕಂಪ್ಯೂಟರನ್ನೂ ಮುಟ್ಟಬೇಕಾಗಲಿಲ್ಲ. ಆಮೇಲೆ ಕೆಳಗೆ ಕೂತು ಒಂದೊಂದೇ ಕ್ಯೂಗೆ ಪರೀಕ್ಷೆಯ ಹಾಳೆ ಕಳಿಸತೊಡಗಿದಳು. ಗಂಡ ಮೆಟ್ಟಿಲು ಹತ್ತಿ ಇಳಿದು ಬೆವತುಹೋದ. ಔಷಧಿ ಕೌಂಟರಿನಲ್ಲಿ ಬಂತು. ಎಕ್ಸ್‌ರೇ ಕೋಣೆಯಲ್ಲಿ ಬಂತು. ಹೆರಿಗೆ ವಾರ್ಡಿನಲ್ಲಿ ಮಾತ್ರ ತೊಡಕಾಯಿತು.

"ಏನೋ ಬಂತು ಕಣೇ, ಆದ್ರೆ ಹಾಳೆ ತುಂಬ ಕಾಗೆ ಕಾಲು ಗುಬ್ಬಿ ಕಾಲು!"

ಆ ಪ್ರಿಂಟರಿನ ಹಳೆಯ ಡ್ರೈವರನ್ನು ಹೊಸ ಸರ್ವರ್ ಒಪ್ಪಿರಲಿಲ್ಲ. ಬದಲಿಗೆ ಎಲ್ಲಕ್ಕೂ ಆಗುತ್ತದೆನ್ನುವ ಒಂದನ್ನು ಹಾಕಿದ್ದಳು. ಅದರ ಭಾಷೆ ಪ್ರಿಂಟರಿಗೆ ಅರ್ಥವಾಗಲಿಲ್ಲ. ತಯಾರಕರ ತಾಣವನ್ನು ಜಾಲಾಡಿ, ಅದೇ ಮಾದರಿಯ ಹೊಸ ಡ್ರೈವರ್ ಇಳಿಸಿಕೊಂಡು, ಕ್ಯೂಗೆ ಜೋಡಿಸಿ ಮತ್ತೆ ಕಳಿಸಿದಳು. ಮೇಲೆ ಅಚ್ಚುಕಟ್ಟಾದ ಹಾಳೆ ಹೊರಬಿತ್ತು.

"ಬಂತು! ಬಂತು!" ದರ್ಜಿ ಸೂರು ಹಾರಿಹೋಗುವಂತೆ ಕೂಗಿದ.

ಪಕ್ಕದ ಬೆಂಚಿನಲ್ಲಿ ಮಗಳ ಹೆರಿಗೆಗಾಗಿ ಕಾದು ಕೂತಿದ್ದ ಹೆಂಗಸು ಧಡಕ್ಕನೆ ಎದ್ದು ನಿಂತಳು. "ಬಂತಾ? ಗಂಡೋ ಹೆಣ್ಣೋ?"

ಅವನು ತಬ್ಬಿಬ್ಬಾಗಿ ಕೈಯಲ್ಲಿದ್ದ ಹಾಳೆಯನ್ನು ನೋಡಿಕೊಂಡ. "ಕಪ್ಪು ಬಿಳುಪು, ಅಮ್ಮಾ."

ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಅಕ್ಕ ನೆಲಮಾಳಿಗೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ವಿಷಯ ತಿಳಿದ ಆ ಹೆಂಗಸೂ ಹಣೆ ಚಚ್ಚಿಕೊಂಡು ನಕ್ಕು, "ಕೂತ್ಕೋಪ್ಪ, ಒಬ್ಳೇ ಕಾದು ಸಾಕಾಗಿದೆ" ಎಂದು ಅವನಿಗೆ ಜಾಗ ಮಾಡಿಕೊಟ್ಟಳು. ಸ್ವಲ್ಪ ಹೊತ್ತಿಗೆ ನರ್ಸ್ ಬಾಗಿಲು ತೆರೆದು, "ಹೆಣ್ಣು ಮಗು, ಇಬ್ರೂ ಚೆನ್ನಾಗಿದಾರೆ" ಎಂದಳು. ಆಮೇಲೆ ನರ್ಸ್ ಪ್ರಿಂಟ್ ಒತ್ತಿ ತೆಗೆದ, ಮಗುವಿನ ವಿವರದ ಚೀಟಿಯೇ ಹೊಸ ಸರ್ವರ್ ಹಾದು ಬಂದ ಮೊದಲ ನಿಜವಾದ ಪ್ರಿಂಟ್. ಒಂದಕ್ಷರವೂ ಸೊಟ್ಟಗಾಗಿರಲಿಲ್ಲ.

ಸೋಮವಾರ ಎಲ್ಲರೂ ಎಂದಿನಂತೆ ಪ್ರಿಂಟ್ ತೆಗೆದುಕೊಂಡರು. ಯಾರಿಗೂ ಏನೂ ಬದಲಾದಂತೆ ಕಾಣಲಿಲ್ಲ. ಲೆಕ್ಕದ ವಿಭಾಗದ ಗುಮಾಸ್ತ ಎದುರು ಸಿಕ್ಕಿ, "ಏನಕ್ಕಾ, ನಿನ್ನೆ ಆರಾಮಾಗಿ ನಿದ್ದೆನಾ?" ಎಂದ.

"ಹೂಂ, ಗಡದ್ದಾಗಿ" ಎಂದು ನಕ್ಕು, ಅಕ್ಕ ಹಳೆಯ ಸರ್ವರಿನ ವೈರು ಕಳಚಲು ಕೆಳಗಿಳಿದಳು.