ಪುಟ್ಟಮ್ಮಕ್ಕನ ಕವಳ ಮತ್ತು ನನ್ನ ಏಳನೇ ಪುಟ

ಏಳನೇ ಪುಟಕ್ಕೆ ಬಂದ ಇನ್ಸ್‌ಪೆಕ್ಟರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ವೈವಾದಲ್ಲೂ ನಾನು ಅಷ್ಟು ಬೆವತಿರಲಿಲ್ಲ...

ಎಂಬತ್ತರ ದಶಕದ ಕೊನೆ. ನಾನು ಫಸ್ಟ್ ಇಯರ್ ಬಿಎಸ್ಸಿ, ರಜೆಗೆ ತೀರ್ಥಹಳ್ಳಿಯ ಸೋದರಮಾವನ ಮನೆಗೆ ಬಂದಿದ್ದೆ.

ಮಾವನದು ಕಾಳುಮೆಣಸು ಹಸನು ಮಾಡಿ ಪ್ಯಾಕ್ ಮಾಡುವ ಸಣ್ಣ ಶೆಡ್. ಹೊರದೇಶದ ಕಂಪನಿಯೊಂದರ ಆರ್ಡರ್ ಸಿಗುವುದರಲ್ಲಿತ್ತು. ಆದರೆ ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್ ಪ್ರಕಾರ ಕ್ವಾಲಿಟಿ ಸಿಸ್ಟಮ್ ಬರೆದಿಟ್ಟಿರಬೇಕು, ಅವರು ನೇಮಿಸಿದ ಇಲ್ಲಿನ ಇನ್ಸ್‌ಪೆಕ್ಟರ್ ಬಂದು ಪಾಸ್ ಮಾಡಬೇಕು.

"ಹಾಸ್ಟೆಲಲ್ಲಿ ಓದಿದವ್ಳಲ್ವನೇ ನೀನು? ಇಂಗ್ಲಿಷಲ್ಲಿ ಬರಿ ಮಾರಾಯ್ತಿ," ಎಂದರು ಮಾವ.

ಕಂಪನಿಯ ಕಾಗದದಲ್ಲಿ ಒಂದು ಸೂಚನೆಯಿತ್ತು: ಮಾಡುವುದನ್ನು ಬರೆಯಿರಿ, ಬರೆದದ್ದನ್ನೇ ಮಾಡಿ.

ಹಾಸ್ಟೆಲಿನಲ್ಲಿ ಬೆಳೆದವಳಿಗೆ ರೂಲ್ ಅಂದರೆ ರೂಲ್! ಎರಡು ದಿನ ಶೆಡ್ಡಿನಲ್ಲಿ ಕೂತು ಕಂಡದ್ದನ್ನೆಲ್ಲ ಬರೆದೆ.

ಏಳನೇ ಪುಟದಲ್ಲಿ, ಮೆಣಸು ಒಣಗಿದೆಯೇ ಎಂದು ನೋಡುವ ಕ್ರಮ. ಸ್ಟೆಪ್ ಒಂದು: ಪುಟ್ಟಮ್ಮಕ್ಕ ಬಾಯಲ್ಲಿನ ಎಲೆ ಅಡಿಕೆ ಕವಳ ಉಗಿಯುವುದು. ಎರಡು: ಎರಡು ಸಲ ಬಾಯಿ ಮುಕ್ಕಳಿಸುವುದು. ಮೂರು: ರೇಡಿಯೊ ಬಂದ್ ಮಾಡುವುದು. ನಾಲ್ಕು: ಕಾಳು ಕಚ್ಚುವುದು. 'ಟಕ್' ಎಂದರೆ ಪಾಸ್.

"ಮಾಡಿ ತೋರಿಸಿ," ಎಂದರು ಇನ್ಸ್‌ಪೆಕ್ಟರ್.

ಪುಟ್ಟಮ್ಮಕ್ಕ ಶೆಡ್ಡಿನ ಹಿರಿಯ ಕೆಲಸದಾಕೆ. ಒಂದು ಕಾಳು ತೆಗೆದು ನೇರ ಬಾಯಿಗಿಟ್ಟರು.

"ಸ್ಟೆಪ್ ಒಂದು ಎಲ್ಲಮ್ಮಾ?"

"ದೊಡ್ಡೋರು ಬರ್ತಾರೆ ಅಂತ ಬೆಳಗ್ಗಿಂದ ಕವಳನೇ ಹಾಕ್ಲಿಲ್ಲ ಸಾರ್. ಈಗ ಎಂತ ಉಗೀಲಿ?"

"ಬರೆದದ್ದನ್ನೇ ಮಾಡಬೇಕಲ್ಲ..." ಅವರ ಪೆನ್ನು ಕಾಗದದ ಮೇಲೆ ತೂಗುತ್ತಿತ್ತು.

ಮಾವ ಪಂಚೆ ಎತ್ತಿ ಕಟ್ಟಿ ಮನೆಗೆ ಓಡಿದರು, ಕವಳದ ತಟ್ಟೆ ಹಿಡಿದೇ ವಾಪಸ್.

ಈಗ ಪುಟ್ಟಮ್ಮಕ್ಕ ನಿಧಾನಕ್ಕೆ ಜಗಿಯುತ್ತಿದ್ದಾರೆ. ನಾವೆಲ್ಲ ಅವರ ಬಾಯನ್ನೇ ನೋಡುತ್ತಾ ನಿಂತಿದ್ದೇವೆ. ಬಂದ್ ಮಾಡಲು ಬೇಕಲ್ಲ ಎಂದು ನಾನು ಓಡಿಹೋಗಿ ರೇಡಿಯೊ ಹಾಕಿದ್ದೇನೆ!

ಉಗಿದದ್ದಾಯಿತು. ಮುಕ್ಕಳಿಸಿದ್ದಾಯಿತು. ರೇಡಿಯೊ ಬಂದ್.

ಟಕ್!

ಎರಡನೇ ಚೀಲ. ಪುಟ್ಟಮ್ಮಕ್ಕ ಕಚ್ಚಿದರು... ಸದ್ದೇ ಇಲ್ಲ.

"ಇದು ಹಸಿ. ಹೋಗೂದಿಲ್ಲ. ಇನ್ನೆರಡು ಬಿಸ್ಲು ಬೇಕು."

ಮಾವ ಇನ್ಸ್‌ಪೆಕ್ಟರ್ ಬೆನ್ನ ಹಿಂದಿನಿಂದ ಕಣ್ಣಲ್ಲೇ ಬೇಡಿಕೊಂಡರು. ಆಕೆ ಜಗ್ಗಲಿಲ್ಲ. "ನೀವು ಎಂತ ಕಣ್ಣು ಮಾಡಿದ್ರೂ ಹಸಿ ಹಸಿಯೇ ಅಯ್ಯಾ."

ಆರ್ಡರ್ ಹೋಯಿತು, ನನ್ನ ಇಂಗ್ಲಿಷೂ ಹೋಯಿತು ಅಂದುಕೊಂಡೆ.

ಇನ್ಸ್‌ಪೆಕ್ಟರ್ ಬ್ಯಾಗಿನಿಂದ ತೇವ ಅಳೆಯುವ ಮೀಟರ್ ತೆಗೆದರು. ಮೊದಲ ಚೀಲ ಸರಿ. ಎರಡನೆಯದು ನಿಜಕ್ಕೂ ಹಸಿ!

"ಮಾಲೀಕರ ಎದುರೇ ಚೀಲ ರಿಜೆಕ್ಟ್ ಮಾಡುವವರನ್ನು ನಾನು ಎಲ್ಲೂ ನೋಡಿಲ್ಲ," ಎನ್ನುತ್ತಾ ಸಹಿ ಹಾಕಿದರು. ಪಾಸ್!

ಒಂದೇ ಒಂದು ತಿದ್ದುಪಡಿ ಬರೆಸಿದರು: ಶೆಡ್ಡಿನಲ್ಲಿ ಯಾವಾಗಲೂ ಎಲೆ ಅಡಿಕೆ ಸ್ಟಾಕ್ ಇರತಕ್ಕದ್ದು.

ಎದುರಿಗೆ ಯಾರೇ ನಿಂತಿರಲಿ, ಹಸಿಯನ್ನು ಹಸಿ ಎಂದೇ ಹೇಳುವ ಪುಟ್ಟಮ್ಮಕ್ಕ ನಿಮ್ಮಲ್ಲಿ ಯಾರು?