ತೆಂಗಿನ ಚಿಪ್ಪಿನ ಪಕ್ಕದ ಚಿತ್ರ

ಮಳವಳ್ಳಿಯ ನಮ್ಮ ದಲಿತ ಕೇರಿಯವರೆಲ್ಲ ಸೇರಿ ಸಮುದಾಯ ಭವನದ ಒಂದು ಕೋಣೆಯನ್ನು ಮ್ಯೂಸಿಯಂ ಮಾಡಿದ್ದೆವು. ಹೊಳಲಿನಿಂದ ಬಂದಿದ್ದ ಸೋದರತ್ತೆಯನ್ನು ಅಲ್ಲಿಗೆ ಕರೆದೊಯ್ದೆ. ಚಿಕ್ಕಂದಿನಲ್ಲಿ ಹೋಟೆಲಿನ ಹೊರಗೆ ಕೂತು ಅವಳು ಕಾಫಿ ಕುಡಿದಿದ್ದಂಥ ತೆಂಗಿನ ಚಿಪ್ಪು ಅಲ್ಲಿತ್ತು. ಅತ್ತೆ ಅದನ್ನು ಮುಟ್ಟಲಿಲ್ಲ. ಪಕ್ಕದ ಚಿತ್ರದಲ್ಲಿ ಅಮೆರಿಕದ ಕಪ್ಪು ಹೆಂಗಸೊಬ್ಬಳು ತನ್ನವರಿಗೆಂದೇ ಬೇರೆ ಇಟ್ಟ ನಲ್ಲಿಯಲ್ಲಿ ನೀರು ಕುಡಿಯುತ್ತಿದ್ದಳು. ಅವರೂ ಹೋರಾಡಿದವರೆಂದು ತಿಳಿದರೆ ಅತ್ತೆಗೆ ಧೈರ್ಯ ಬಂದೀತೆಂದು ಎಲ್ಲ ವಿವರಿಸಿದೆ.

"ಅಲ್ಲೂ ಇಂಗೇನಾ ಮಗಾ?"

"ಹೂಂ ಅತ್ತೆ, ಬಣ್ಣ ನೋಡಿ ದೂರ ಇಡೋರು."

"ಇಲ್ಲಿ ಮಾತ್ರ ಅಂದ್ಕಂಡಿದ್ದೆ ಕಣ್ಲಾ. ಇನ್ನೆಲ್ಲಿಗೆ ಓಗದು?"

ಅತ್ತೆಯನ್ನು ಮಂಡ್ಯದ ಬಸ್ಸು ಹತ್ತಿಸಿದೆ. ಆ ಚಿತ್ರವನ್ನು ತಂದು ಹಾಕಿದವನು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ.